ಸೂಟ್‌ಕೇಸಿಗೂ ಒಂದು ಲೆಕ್ಕ

ಕಳೆದ ದಸರಾ ರಜೆಯಲ್ಲಿ ನಾನು, ನಮ್ಮಾಕೆ ಮತ್ತು ಆರನೇ ತರಗತಿಯ ಮೊಮ್ಮಗಳು ಕುಮಟಾಕ್ಕೆ ಹೊರಟಿದ್ದೆವು. ಅಲ್ಲಿ ನಮ್ಮಾಕೆಯ ಅಕ್ಕನ ಮನೆ. ಐದು ದಿನದ ಪ್ರವಾಸ. ಯಶವಂತಪುರದಿಂದ ಬೆಳಿಗ್ಗೆ ಹೊರಡುವ ಕಾರವಾರದ ರೈಲು. ನಮ್ಮ ಶೆಟ್ಟಿಹಳ್ಳಿಯಿಂದ ಯಶವಂತಪುರ ಬಹಳ ದೂರವೇನಲ್ಲ, ಆದರೂ ನಾವು ಮುದುಕರು ಬೆಳಗಿನ ಜಾವ ನಾಲ್ಕಕ್ಕೇ ಎದ್ದು ಕೂರುವವರು.

ಹಿಂದಿನ ರಾತ್ರಿ ಸೂಟ್‌ಕೇಸ್ ತುಂಬಿ ಮುಗಿಸಿದಾಗ ಅದರ ಜಿಪ್ ಹಾಕಲು ಆಗಲಿಲ್ಲ. ಮೊಮ್ಮಗಳನ್ನು ಅದರ ಮೇಲೆ ಕೂರಿಸಿದೆ. ಅವಳು ಕುದುರೆ ಸವಾರಿ ಮಾಡಿದಂತೆ ಕುಣಿದಳು. ನಾನು ಒಂದು ಕಡೆಯಿಂದ ಎಳೆದೆ, ನಮ್ಮಾಕೆ ಇನ್ನೊಂದು ಕಡೆಯಿಂದ ಒತ್ತಿದಳು. ಅಂತೂ ಜಿಪ್ ಮುಚ್ಚಿತು. ಎತ್ತಲು ಹೋದೆ, ಸೊಂಟ ಹಿಡಿಯಿತು.

"ಅಜ್ಜಾ, ಎಷ್ಟು ಕೆ.ಜಿ. ಇದೆ ನೋಡೋಣ" ಎಂದಳು ಮೊಮ್ಮಗಳು. ಮನೆಯಲ್ಲಿ ದೇಹದ ತೂಕ ನೋಡುವ ಸಣ್ಣ ಯಂತ್ರವಿದೆ. ಸೂಟ್‌ಕೇಸನ್ನು ಅದರ ಮೇಲಿಟ್ಟರೆ ಅಂಕಿ ಕಾಣುವುದಿಲ್ಲ. ಅದಕ್ಕೊಂದು ಉಪಾಯವಿದೆ ಮಕ್ಕಳೇ. ಮೊದಲು ನೀವೊಬ್ಬರೇ ನಿಲ್ಲಿ. ಆಮೇಲೆ ಸೂಟ್‌ಕೇಸ್ ಹಿಡಿದು ನಿಲ್ಲಿ. ಎರಡನೆಯದರಿಂದ ಮೊದಲನೆಯದನ್ನು ಕಳೆಯಿರಿ. ನಾನೊಬ್ಬನೇ 64 ಕೆ.ಜಿ., ಸೂಟ್‌ಕೇಸಿನೊಂದಿಗೆ 85. ಅಂದರೆ ಪೆಟ್ಟಿಗೆ 21 ಕೆ.ಜಿ.! ಐದು ದಿನಕ್ಕೆ, ಮೂವರಿಗೆ, ನೆಂಟರ ಮನೆಗೆ. ಅಲ್ಲಿ ಹಾಸಿಗೆ ಇದೆ, ಹೊದಿಕೆ ಇದೆ, ಬಟ್ಟೆ ಒಗೆಯುವ ಕಲ್ಲೂ ಇದೆ.

ರೈಲ್ವೆಯವರ ಲೆಕ್ಕಕ್ಕೆ ಇದೇನೂ ಹೆಚ್ಚಲ್ಲ. ಸ್ಲೀಪರ್ ದರ್ಜೆಯಲ್ಲಿ ಒಬ್ಬರಿಗೆ 40 ಕೆ.ಜಿ., ಎರಡನೇ ದರ್ಜೆಯಲ್ಲಿ 35 ಕೆ.ಜಿ. ಸಾಮಾನನ್ನು ಪುಕ್ಕಟೆಯಾಗಿ ಒಯ್ಯಬಹುದು. ಆದರೆ ರೈಲ್ವೆ ನಿಯಮ ರೈಲಿನ ಶಕ್ತಿಗೆ ಬರೆದದ್ದು, ಎಪ್ಪತ್ತು ದಾಟಿದವನ ಸೊಂಟಕ್ಕೆ ಬರೆದದ್ದಲ್ಲ. "ಇಲ್ಲಿಂದ ಆಟೋವರೆಗೆ, ಆಟೋದಿಂದ ಪ್ಲಾಟ್‌ಫಾರ್ಮಿಗೆ, ಪ್ಲಾಟ್‌ಫಾರ್ಮಿನಿಂದ ಬೋಗಿಗೆ ಯಾರು ಎತ್ತುತ್ತಾರೆ?" ಎಂದು ನಮ್ಮಾಕೆ ಕೇಳಿದಳು. ನಾನು ಮೊಮ್ಮಗಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಸರಿ, ರಾತ್ರಿ ಎಂಟೂವರೆಗೆ ಜಿಪ್ ಮತ್ತೆ ತೆರೆದೆವು.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಕ್ಯಾಶ್ ಕೌಂಟರಿನಲ್ಲಿ ಕೂತ ಮೊದಲ ವಾರ ಹಿರಿಯ ಕ್ಯಾಷಿಯರೊಬ್ಬರು ಒಂದು ಪಾಠ ಹೇಳಿಕೊಟ್ಟಿದ್ದರು: "ಎಣಿಸುವ ಮೊದಲು ವಿಂಗಡಿಸು." ನೂರು, ಐವತ್ತು, ಹತ್ತರ ನೋಟುಗಳನ್ನು ಕಲಸಿಕೊಂಡು ಎಣಿಸಹೊರಟರೆ ರಾತ್ರಿಯಾದರೂ ಲೆಕ್ಕ ಕೂಡುವುದಿಲ್ಲ. ಬೇರೆಬೇರೆ ಮಾಡಿ, ನೂರು ನೋಟಿಗೊಂದು ಪ್ಯಾಕೆಟ್, ಹತ್ತು ಪ್ಯಾಕೆಟ್ಟಿಗೊಂದು ಕಟ್ಟು ಎಂದು ಕಟ್ಟಿಟ್ಟರೆ ಪೆಟ್ಟಿಗೆಯಲ್ಲಿ ಜಾಗವೂ ಉಳಿಯುತ್ತದೆ, ತಲೆಯೂ ಉಳಿಯುತ್ತದೆ. ಸೂಟ್‌ಕೇಸಿಗೂ ಅದೇ ನಿಯಮ. ಎಲ್ಲವನ್ನೂ ಹೊರಗೆ ತೆಗೆದು ಮಂಚದ ಮೇಲೆ ಹರಡಿದೆವು. ಮೂರು ಗುಂಪು ಮಾಡಿದೆವು. ಮೊದಲನೆಯದು "ಬೇಕೇ ಬೇಕು". ಎರಡನೆಯದು "ಇದ್ದರೆ ಒಳ್ಳೆಯದು". ಮೂರನೆಯದು "ಅಲ್ಲೇ ಸಿಗುತ್ತದೆ".

ಮೂರನೇ ಗುಂಪು ನೋಡಿ ನಮಗೇ ನಗು ಬಂತು. ಎರಡು ದೊಡ್ಡ ಸಾಬೂನು, ಒಂದು ಸೀಸೆ ಕೊಬ್ಬರಿ ಎಣ್ಣೆ! ತೆಂಗಿನ ಮರಗಳ ನಡುವೆ ಇರುವ ಊರಿಗೆ ಬೆಂಗಳೂರಿನಿಂದ ಎಣ್ಣೆ ಒಯ್ಯುತ್ತಿದ್ದೆವು. ನಮ್ಮಾಕೆ ಏಳು ಸೀರೆ ಇಟ್ಟಿದ್ದಳು. "ಐದು ದಿನಕ್ಕೆ ಏಳು ಸೀರೆಯೇ?" ಎಂದೆ. ಅವಳು ಮಾತಾಡದೆ ನನ್ನ ಎರಡು ಸ್ವೆಟರುಗಳನ್ನು ಎತ್ತಿ ತೋರಿಸಿದಳು. ಕರಾವಳಿಯಲ್ಲಿ ಸ್ವೆಟರು! ನಾನೂ ಮಾತಾಡಲಿಲ್ಲ. ಮೂರು ಸೀರೆ ಬೀರುವಿಗೆ ಹೋದವು, ಎರಡು ಸ್ವೆಟರೂ ಹೋದವು. ಮೊಮ್ಮಗಳು ತನ್ನ ಎರಡು ಜೀನ್ಸ್ ಪ್ಯಾಂಟುಗಳಲ್ಲಿ ಒಂದನ್ನು ತಾನಾಗಿಯೇ ತೆಗೆದಳು. ದಪ್ಪ ಜೀನ್ಸ್ ತೂಕವೂ ಹೆಚ್ಚು, ಸಮುದ್ರದ ತೇವದ ಗಾಳಿಯಲ್ಲಿ ಒದ್ದೆಯಾದರೆ ಎರಡು ದಿನವಾದರೂ ಒಣಗುವುದಿಲ್ಲ. ದೊಡ್ಡ ಟರ್ಕಿ ಟವೆಲುಗಳ ಬದಲು ನನ್ನ ಎರಡು ತೆಳು ಪಂಚೆ ಸಾಕಾಯಿತು. ಪಂಚೆಯಂಥ ಪ್ರವಾಸದ ಸಂಗಾತಿ ಇನ್ನೊಂದಿಲ್ಲ. ಉಟ್ಟರೆ ಬಟ್ಟೆ, ಒರೆಸಿಕೊಂಡರೆ ಟವೆಲು, ಹೊದ್ದರೆ ಹೊದಿಕೆ, ಹಾಸಿದರೆ ಚಾಪೆ, ಕಟ್ಟಿದರೆ ಗಂಟು. ಒಂದು ಗಂಟೆ ಬಿಸಿಲು ಕಂಡರೆ ಒಣಗುತ್ತದೆ.

ಗಂಟು ಎಂದಾಗ ನನ್ನ ಅಜ್ಜಿ ನೆನಪಾಗುತ್ತಾಳೆ. ಅವಳಿಗೆ ಪೆಟ್ಟಿಗೆ ಇರಲಿಲ್ಲ. ಹಳೇ ಸೀರೆ ಹಾಸಿ, ನಡುವೆ ಬಟ್ಟೆ ಇಟ್ಟು, ನಾಲ್ಕು ಮೂಲೆ ಸೇರಿಸಿ ಕಟ್ಟುತ್ತಿದ್ದಳು. ಗಂಟಿಗೆ ಖಾಲಿ ಮೂಲೆಗಳೇ ಇರುವುದಿಲ್ಲ. ಒಳಗೆ ಎಷ್ಟಿದೆಯೋ ಅಷ್ಟೇ ಗಾತ್ರ. ಸಾಮಾನು ಕಡಿಮೆಯಾದರೆ ಗಂಟೂ ಚಿಕ್ಕದಾಗುತ್ತದೆ. ನಮ್ಮ ಸೂಟ್‌ಕೇಸ್ ಹಾಗಲ್ಲ. ಅದು ಖಾಲಿ ಜಾಗ ತೋರಿಸಿ ತೋರಿಸಿ "ಇನ್ನೂ ಹಾಕು" ಎಂದು ಕರೆಯುತ್ತದೆ. ಆದ್ದರಿಂದ ನನ್ನ ಮೊದಲ ಸಲಹೆ: ದೊಡ್ಡ ಸೂಟ್‌ಕೇಸ್ ಅಟ್ಟದ ಮೇಲೇ ಇರಲಿ, ಚಿಕ್ಕದನ್ನು ಇಳಿಸಿ. ಸಾಮಾನು ತಾನಾಗಿ ಕಡಿಮೆಯಾಗುತ್ತದೆ.

ಅಜ್ಜಿಯ ಗಂಟಿನ ನಂತರ ನಮ್ಮ ಮನೆಗೆ ತಗಡಿನ ಟ್ರಂಕು ಬಂತು, ಅದರ ಮೇಲೆ ಬಿಳಿ ಬಣ್ಣದಲ್ಲಿ ಅಪ್ಪನ ಹೆಸರು. ಹಾಸಿಗೆಗೆ ಹೋಲ್ಡಾಲ್. ಅದನ್ನು ಸುರುಳಿ ಸುತ್ತಿ ಚರ್ಮದ ಪಟ್ಟಿ ಬಿಗಿಯುವುದು ಇಬ್ಬರು ಗಂಡಸರ ಕೆಲಸ. ಆಮೇಲೆ ಗಟ್ಟಿ ಪ್ಲಾಸ್ಟಿಕ್ಕಿನ ಸೂಟ್‌ಕೇಸು. ಇವುಗಳಲ್ಲಿ ಯಾವುದಕ್ಕೂ ಚಕ್ರ ಇರಲಿಲ್ಲ. ಮಕ್ಕಳೇ, ನಿಮಗೊಂದು ಸೋಜಿಗ ಹೇಳುತ್ತೇನೆ. 1969ರ ಜುಲೈನಲ್ಲಿ ನಮ್ಮ ದೇಶದ 14 ದೊಡ್ಡ ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. ಅದೇ ಜುಲೈನಲ್ಲಿ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ. ಆದರೆ ಆಗಿನ್ನೂ ಭೂಮಿಯ ಮೇಲೆ ಜನ ಸೂಟ್‌ಕೇಸನ್ನು ಕೈಯಲ್ಲೇ ಹೊರುತ್ತಿದ್ದರು! ಅಮೆರಿಕದ ಬರ್ನಾರ್ಡ್ ಸ್ಯಾಡೋ ಎಂಬುವರು ಪೆಟ್ಟಿಗೆ ತಯಾರಿಸುವ ಕಂಪನಿಯಲ್ಲೇ ಕೆಲಸಕ್ಕಿದ್ದವರು. 1970ರಲ್ಲಿ ಸಂಸಾರ ಸಮೇತ ರಜೆ ಮುಗಿಸಿ ಮರಳುವಾಗ ಎರಡು ಭಾರಿ ಪೆಟ್ಟಿಗೆ ಹೊತ್ತು ವಿಮಾನ ನಿಲ್ದಾಣದಲ್ಲಿ ನಿಂತಿದ್ದರು. ಒಬ್ಬ ಕೆಲಸಗಾರ ದೊಡ್ಡ ಯಂತ್ರವೊಂದನ್ನು ಚಕ್ರದ ಹಲಗೆಯ ಮೇಲಿಟ್ಟು ಸಲೀಸಾಗಿ ತಳ್ಳಿಕೊಂಡು ಹೋದ. ಅದನ್ನು ನೋಡಿ ಅವರಿಗೆ ಹೊಳೆಯಿತು. 1972ರಲ್ಲಿ ಚಕ್ರದ ಸೂಟ್‌ಕೇಸಿಗೆ ಪೇಟೆಂಟ್ ಸಿಕ್ಕಿತು. ಅದನ್ನು ನಾಯಿಮರಿಯಂತೆ ಪಟ್ಟಿ ಕಟ್ಟಿ ಎಳೆಯಬೇಕಿತ್ತು. 1987ರಲ್ಲಿ ರಾಬರ್ಟ್ ಪ್ಲಾತ್ ಎಂಬ ವಿಮಾನ ಚಾಲಕ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಎರಡು ಚಕ್ರ ಹಾಗೂ ಉದ್ದನೆಯ ಹಿಡಿ ಇಟ್ಟರು. ನಾವು ಇಂದು ಗಡಗಡ ಎಳೆಯುವುದು ಅದನ್ನೇ.

ಈಗ ತುಂಬುವ ಕ್ರಮ. ಸೂಟ್‌ಕೇಸ್ ಮಲಗಿಸಿ ತುಂಬುತ್ತೇವೆ, ಆದರೆ ನಿಲ್ಲಿಸಿ ಎಳೆಯುತ್ತೇವೆ. ಹಾಗಾಗಿ ಭಾರದ ವಸ್ತುಗಳು ಚಕ್ರದ ಬದಿಗೆ ಹೋಗಬೇಕು. ಭಾರ ಮೇಲಿದ್ದರೆ ನಿಲ್ಲಿಸಿದ ಕೂಡಲೇ ಪೆಟ್ಟಿಗೆ ಮುಗ್ಗರಿಸುತ್ತದೆ. ಬೇಕಾದರೆ ಪರೀಕ್ಷಿಸಿ: ನೀರಿನ ಬಾಟಲಿಯ ತಳದಲ್ಲಿ ಸ್ವಲ್ಪ ನೀರಿದ್ದರೆ ಅದು ಸುಲಭಕ್ಕೆ ಬೀಳುವುದಿಲ್ಲ. ಭಾರ ಕೆಳಗಿದ್ದಷ್ಟೂ ನಿಲುವು ಗಟ್ಟಿ. ಚಪ್ಪಲಿ, ಬೂಟುಗಳನ್ನು ಹಳೇ ಬಟ್ಟೆ ಚೀಲದಲ್ಲಿ ಹಾಕಿ ಚಕ್ರದ ಬದಿಗಿಟ್ಟೆವು. ಬೂಟಿನ ಹೊಟ್ಟೆಯೂ ಖಾಲಿ ಬಿಡಲಿಲ್ಲ, ಕಾಲುಚೀಲಗಳು ಅದರೊಳಗೆ ಹೋದವು. ಅಕ್ಕನಿಗೆಂದು ಒಯ್ಯುತ್ತಿದ್ದ ಸ್ಟೀಲಿನ ಡಬ್ಬಿಯಲ್ಲಿ ನಿಪ್ಪಟ್ಟು ಅರ್ಧ ಇತ್ತು. ಉಳಿದರ್ಧಕ್ಕೆ ಚಟ್ನಿಪುಡಿಯ ಪೊಟ್ಟಣ.

ಬಟ್ಟೆಯನ್ನು ಮಡಿಸಬೇಕೋ, ಸುತ್ತಬೇಕೋ? ಎರಡೂ ಸರಿ. ಬನಿಯನ್ನು, ಟೀ ಷರ್ಟು, ಪಂಚೆ, ರಾತ್ರಿ ಉಡುಪು ಇವನ್ನೆಲ್ಲ ಚಾಪೆ ಸುತ್ತಿದ ಹಾಗೆ ಬಿಗಿಯಾಗಿ ಸುತ್ತಿ ಪಕ್ಕಪಕ್ಕದಲ್ಲಿ ನಿಲ್ಲಿಸಿ. ಸುತ್ತಿದಾಗ ಒಳಗಿನ ಗಾಳಿ ಹೊರಗೆ ಹೋಗುತ್ತದೆ, ಚೂಪಾದ ಮಡಿಕೆ ಬೀಳುವುದಿಲ್ಲ. ಯಾವುದು ಎಲ್ಲಿದೆ ಎಂಬುದು ಮೇಲಿಂದಲೇ ಕಾಣುತ್ತದೆ, ಒಂದನ್ನು ಎಳೆದರೆ ಉಳಿದದ್ದು ಕಲಸುವುದಿಲ್ಲ. ಇಸ್ತ್ರಿ ಮಾಡಿದ ಅಂಗಿ, ರೇಷ್ಮೆ ಸೀರೆ ಮಾತ್ರ ಚಪ್ಪಟೆಯಾಗಿ ಮೇಲೆ ಮಲಗಲಿ. ರೇಷ್ಮೆಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಬೇಡಿ, ಮೆತ್ತನೆಯ ಹಳೇ ಹತ್ತಿ ಬಟ್ಟೆಯಲ್ಲಿ ಸುತ್ತಿ. ಎಣ್ಣೆ, ಉಪ್ಪಿನಕಾಯಿ ಇದ್ದರೆ ಮುಚ್ಚಳದ ಕೆಳಗೆ ಒಂದು ತುಂಡು ಪ್ಲಾಸ್ಟಿಕ್ ಹಾಳೆ ಇಟ್ಟು ತಿರುಗಿಸಿ, ಎರಡು ಕವರಿನಲ್ಲಿ ಹಾಕಿ. ಉಪ್ಪಿನಕಾಯಿ ರಸ ತಗುಲಿದ ಬಿಳಿ ಅಂಗಿ ಮತ್ತೆ ಬಿಳಿಯಾಗುವುದಿಲ್ಲ ಎಂಬುದು ನನ್ನ ಮೂವತ್ತು ವರ್ಷದ ಅನುಭವ.

ಇನ್ನೊಂದು ಮಾತು. ಹೋಗುವಾಗ ಪೆಟ್ಟಿಗೆಯ ಕಾಲು ಭಾಗ ಖಾಲಿ ಇರಲಿ. ಬರುವಾಗ ಬಟ್ಟೆಗಳು ಕೊಳೆಯಾಗಿ ಉಬ್ಬಿರುತ್ತವೆ. ಅದೂ ಅಲ್ಲದೆ ಉತ್ತರ ಕನ್ನಡದ ನೆಂಟರು ಯಾರನ್ನೂ ಬರಿಗೈಲಿ ಕಳಿಸುವುದಿಲ್ಲ.

ವಿಮಾನದಲ್ಲಿ ಮಕ್ಕಳ ಮನೆಗೆ ಹೋಗುವ ಅಜ್ಜ ಅಜ್ಜಿಯರಿಗೆ ಎರಡು ಎಚ್ಚರಿಕೆ. ಮೊಬೈಲಿಗೆ ಚಾರ್ಜ್ ತುಂಬುವ ಪವರ್ ಬ್ಯಾಂಕನ್ನು ದೊಡ್ಡ ಪೆಟ್ಟಿಗೆಯಲ್ಲಿ ಹಾಕಬಾರದು, ಕೈಚೀಲದಲ್ಲೇ ಇರಬೇಕು. ಒಣ ಕೊಬ್ಬರಿಯನ್ನು ಒಯ್ಯಲೇಬೇಡಿ. ಅದರಲ್ಲಿ ಎಣ್ಣೆಯ ಅಂಶ ಹೆಚ್ಚಿರುವುದರಿಂದ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದೆಂದು ವಿಮಾನದ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಇನ್ಸುಲಿನ್ ತೆಗೆದುಕೊಳ್ಳುವವರು ಅದನ್ನು ಕೈಚೀಲದಲ್ಲಿಯೇ ಇಟ್ಟುಕೊಳ್ಳಿ, ಹೆಪ್ಪುಗಟ್ಟಿದರೆ ಅದು ಕೆಲಸಕ್ಕೆ ಬಾರದು.

ಕೈಚೀಲದ ಮಾತು ಬಂತು. ಈ ವಾರ ನಾನು ಬರೆಯಬೇಕೆಂದು ಕೂತದ್ದು ನಿಜಕ್ಕೂ ಇದನ್ನೇ.

ಕೆಲವು ವರ್ಷಗಳ ಹಿಂದೆ ನಾನೂ ನಮ್ಮಾಕೆಯೂ ಒಂದು ಮದುವೆಗೆಂದು ರಾತ್ರಿ ರೈಲಿನಲ್ಲಿ ಧಾರವಾಡಕ್ಕೆ ಹೊರಟಿದ್ದೆವು. ಸೂಟ್‌ಕೇಸ್ ತುಂಬಿದವನು ನಾನೇ. ಎಷ್ಟು ಚೆನ್ನಾಗಿ ತುಂಬಿದ್ದೆ ಎಂದರೆ ಒಂದು ಬೆರಳು ಹೋಗಲೂ ಜಾಗವಿರಲಿಲ್ಲ. ನಮ್ಮಾಕೆಗೆ ಸಕ್ಕರೆ ಕಾಯಿಲೆ. ಅವಳ ಮಾತ್ರೆ, ಗ್ಲೂಕೋಸ್ ಪುಡಿ, ಬಿಸ್ಕತ್ತು ಎಲ್ಲವನ್ನೂ ಒಂದು ಡಬ್ಬಿಯಲ್ಲಿ ಹಾಕಿ, ಡಬ್ಬಿ ಗಟ್ಟಿಯಲ್ಲವೇ ಎಂದು ಎಲ್ಲಕ್ಕಿಂತ ಕೆಳಗೆ ಇಟ್ಟಿದ್ದೆ. ಪೆಟ್ಟಿಗೆಯನ್ನು ಕೆಳಬರ್ತಿನ ಅಡಿಗೆ ತಳ್ಳಿ, ಸರಪಳಿ ಹಾಕಿ, ಬೀಗ ಜಡಿದು ನಿಶ್ಚಿಂತೆಯಿಂದ ಮಲಗಿದೆ. ಹೊರಡುವ ಗಡಿಬಿಡಿಯಲ್ಲಿ ಅವಳು ಮಾತ್ರೆ ನುಂಗಿದ್ದಳು, ಊಟ ಮಾತ್ರ ಸರಿಯಾಗಿ ಮಾಡಿರಲಿಲ್ಲ. ಅದು ನನ್ನ ಗಮನಕ್ಕೆ ಬಂದಿರಲಿಲ್ಲ.

ನಡುರಾತ್ರಿ ಅವಳು ನನ್ನನ್ನು ತಟ್ಟಿ ಎಬ್ಬಿಸಿದಳು. ಮೈಯೆಲ್ಲ ಬೆವರು, ಕೈ ನಡುಗುತ್ತಿತ್ತು. ಏನೋ ಹೇಳುತ್ತಿದ್ದಳು, ಮಾತು ತೊದಲುತ್ತಿತ್ತು. ಸಕ್ಕರೆ ಇಳಿದಿದೆ ಎಂದು ಗೊತ್ತಾಯಿತು. ಬರ್ತಿನ ಕೆಳಗೆ ಮಂಡಿಯೂರಿದೆ. ಬೀಗದ ಕೈ ಯಾವ ಜೇಬಿನಲ್ಲಿದೆಯೋ ನೆನಪಾಗಲಿಲ್ಲ. ಸಿಕ್ಕಿದ ಮೇಲೆ ಕತ್ತಲಲ್ಲಿ ಬೀಗದ ತೂತು ಸಿಗಲಿಲ್ಲ. ಪೆಟ್ಟಿಗೆ ತೆರೆದು ಸೀರೆ, ಪಂಚೆ, ಉಡುಗೊರೆಯ ಪೊಟ್ಟಣ ಎಲ್ಲವನ್ನೂ ರೈಲಿನ ನೆಲದ ಮೇಲೆ ಎಸೆಯುತ್ತ ಹೋದೆ. ಡಬ್ಬಿ ಇನ್ನೂ ಸಿಕ್ಕಿರಲಿಲ್ಲ. ಅಷ್ಟರಲ್ಲಿ ಎದುರಿನ ಬರ್ತಿನಲ್ಲಿದ್ದ ಹುಡುಗನೊಬ್ಬ, ಏಳೆಂಟು ವರ್ಷದವನಿರಬೇಕು, ಎದ್ದು ಕೂತಿದ್ದ. ಅವನ ತಾಯಿ ವಿಷಯ ಕೇಳಿದರು. ಹುಡುಗ ತನ್ನ ಶಾಲೆಯ ಬ್ಯಾಗಿನಿಂದ ಮಾವಿನ ರಸದ ಪೊಟ್ಟಣ ತೆಗೆದು, ಸ್ಟ್ರಾ ಚುಚ್ಚಿ, ನಮ್ಮಾಕೆಯ ಕೈಗೆ ಕೊಟ್ಟ. ಅವಳು ನಿಧಾನವಾಗಿ ಹೀರಿದಳು. ಹತ್ತು ಹದಿನೈದು ನಿಮಿಷದಲ್ಲಿ ಬೆವರು ನಿಂತಿತು, ಮಾತು ಸರಿಹೋಯಿತು. ಆ ತಾಯಿ ಎರಡು ಚಪಾತಿಯನ್ನೂ ಕೊಟ್ಟರು. ನನ್ನ ಡಬ್ಬಿ ಸಿಕ್ಕಿದ್ದು ಅದಾದ ಮೇಲೆ.

ಬ್ಯಾಂಕಿನಲ್ಲಿ ನಾನು ಒಂದೆರಡು ಸಲ ಲೆಕ್ಕ ತಪ್ಪಿದ್ದೇನೆ, ಕೈಯಿಂದ ಹಣ ಕಟ್ಟಿದ್ದೇನೆ. ಆ ರಾತ್ರಿಯ ತಪ್ಪಿಗೆ ಕಟ್ಟಬೇಕಾಗಿದ್ದ ಬೆಲೆಯನ್ನು ನೆನೆದರೆ ಈಗಲೂ ಕೈ ತಣ್ಣಗಾಗುತ್ತದೆ. ಪೆಟ್ಟಿಗೆ ತುಂಬುವುದರಲ್ಲಿ ನಾನು ಜಾಗದ ಲೆಕ್ಕ ಹಾಕಿದ್ದೆ, ಸಮಯದ ಲೆಕ್ಕ ಹಾಕಿರಲಿಲ್ಲ. ಯಾವುದು ಎಷ್ಟು ಬೇಗ ಬೇಕಾಗಬಹುದು ಎಂಬುದು ಮೊದಲ ಪ್ರಶ್ನೆ. ಯಾವುದು ಎಲ್ಲಿ ಹಿಡಿಸುತ್ತದೆ ಎಂಬುದು ಆಮೇಲಿನದು.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ನಿಯಮವಿದೆ. ಒಂದು ನಿಮಿಷದಲ್ಲಿ ಬೇಕಾಗಬಹುದಾದದ್ದು ಮೈಮೇಲಿನ ಕೈಚೀಲದಲ್ಲಿ: ಎರಡು ದಿನಕ್ಕೆ ಹೆಚ್ಚೇ ಆಗುವಷ್ಟು ಔಷಧಿ, ವೈದ್ಯರ ಚೀಟಿ, ಕನ್ನಡಕ, ಗುರುತಿನ ಚೀಟಿ, ಟಿಕೆಟ್ಟು, ನೀರು, ಸಿಹಿಯಾದ ಏನಾದರೊಂದು. ಒಂದು ಗಂಟೆಯಲ್ಲಿ ಬೇಕಾದದ್ದು ಪೆಟ್ಟಿಗೆಯ ಮೇಲ್ಪದರದಲ್ಲಿ: ಹೊದಿಕೆ, ಹಲ್ಲುಜ್ಜುವ ಬ್ರಷ್ಷು, ಛತ್ರಿ. ಊರು ಸೇರಿದ ಮೇಲೆ ಬೇಕಾದದ್ದು ಎಲ್ಲ ಕೆಳಗೆ. ಎರಡು ಪೆಟ್ಟಿಗೆ ಇದ್ದರೆ ಒಬ್ಬರ ಒಂದು ಜೊತೆ ಬಟ್ಟೆ ಇನ್ನೊಬ್ಬರ ಪೆಟ್ಟಿಗೆಯಲ್ಲೂ ಇರಲಿ. ಒಂದು ಪೆಟ್ಟಿಗೆ ಕಳೆದರೂ ಯಾರೂ ಉಟ್ಟ ಬಟ್ಟೆಯಲ್ಲೇ ಉಳಿಯಬೇಕಾಗಿಲ್ಲ. ಪೆಟ್ಟಿಗೆಯ ಒಳಗೂ ಹೊರಗೂ ಹೆಸರು, ಫೋನ್ ನಂಬರಿನ ಚೀಟಿ ಇರಲಿ.

ಮಕ್ಕಳೇ, ನೀವೂ ಇದನ್ನು ತಿಳಿದಿರಿ. ಸಕ್ಕರೆ ಕಾಯಿಲೆಯ ಅಜ್ಜಿಯೋ ತಾತನೋ ಇದ್ದಕ್ಕಿದ್ದಂತೆ ಬೆವರಿ, ನಡುಗಿ, ತಬ್ಬಿಬ್ಬಾದರೆ ಕೂಡಲೇ ಹಣ್ಣಿನ ರಸವನ್ನೋ ಸಕ್ಕರೆ ನೀರನ್ನೋ ಕೊಡಿ, ದೊಡ್ಡವರನ್ನು ಕರೆಯಿರಿ. ಪ್ರಜ್ಞೆ ತಪ್ಪಿದ್ದರೆ ಮಾತ್ರ ಬಾಯಿಗೆ ಏನನ್ನೂ ಹಾಕಬಾರದು, ವೈದ್ಯರೇ ಬೇಕು. ರೈಲಿನಲ್ಲಿದ್ದರೆ 139ಕ್ಕೆ ಫೋನ್ ಮಾಡಿ.

ಕುಮಟಾದ ಪ್ರವಾಸಕ್ಕೆ ಹಿಂತಿರುಗೋಣ. ಮೊಮ್ಮಗಳು ತನ್ನ ಬೆನ್ನುಚೀಲ ತಾನೇ ತುಂಬುತ್ತೇನೆ ಎಂದು ಹಟ ಹಿಡಿದಳು. ಸರಿ ಎಂದೆ, ಒಂದು ಷರತ್ತು ಹಾಕಿದೆ. ನಮ್ಮ ರಾಜ್ಯ ಸರ್ಕಾರ 2019ರಲ್ಲಿ ಶಾಲಾ ಬ್ಯಾಗಿನ ತೂಕಕ್ಕೆ ಮಿತಿ ಹಾಕಿದೆ. ಒಂದು, ಎರಡನೇ ತರಗತಿಗೆ 1.5ರಿಂದ 2 ಕೆ.ಜಿ., ಮೂರರಿಂದ ಐದಕ್ಕೆ 2ರಿಂದ 3, ಆರರಿಂದ ಎಂಟಕ್ಕೆ 3ರಿಂದ 4, ಒಂಬತ್ತು ಹತ್ತಕ್ಕೆ 4ರಿಂದ 5 ಕೆ.ಜಿ. ಶಾಲೆಗೆ ಸರಿಯಾದದ್ದು ಪ್ರವಾಸಕ್ಕೂ ಸರಿ. "ನಿನ್ನದು 4 ಕೆ.ಜಿ. ದಾಟಬಾರದು" ಎಂದೆ. ಅವಳು ಮೂರು ಸಲ ಯಂತ್ರದ ಮೇಲೆ ಹತ್ತಿ ಇಳಿದಳು. ಮೂರು ಕಥೆ ಪುಸ್ತಕಗಳಲ್ಲಿ ಎರಡನ್ನು ತೆಗೆದಳು. ಬಣ್ಣದ ಪೆನ್ಸಿಲಿನ ದೊಡ್ಡ ಡಬ್ಬಿ ಬಿಟ್ಟು ಆರು ಪೆನ್ಸಿಲುಗಳನ್ನು ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿಕೊಂಡಳು. ನನ್ನ ಸೂಟ್‌ಕೇಸು 21ರಿಂದ 12.5 ಕೆ.ಜಿ.ಗೆ ಇಳಿಯಿತು. ಒಂದು ಮಹಡಿ ಮೆಟ್ಟಿಲು ಎತ್ತಿಕೊಂಡು ಹತ್ತಿ ನೋಡಿದೆ. ಇದೇ ಕೊನೆಯ ಪರೀಕ್ಷೆ. ನಿಮ್ಮಿಂದ ಒಂದು ಮಹಡಿ ಹತ್ತಿಸಲಾಗದ ಪೆಟ್ಟಿಗೆ ನಿಮ್ಮದಲ್ಲ, ಕೂಲಿಯವರದು.

ಕೊನೆಗೆ ಪಟ್ಟಿ. ಬ್ಯಾಂಕಿನ ಪುಸ್ತಕದಂತೆ ಒಂದು ಹಾಳೆಯಲ್ಲಿ ಎಡಕ್ಕೆ ಹೋದ ವಸ್ತು, ಬಲಕ್ಕೆ ಹಿಂದಿರುಗಿದ ವಸ್ತು. ಹೋಗುವಾಗ ಒಂದು ಗುರುತು, ಹೊರಡುವ ಮುನ್ನ ಇನ್ನೊಂದು ಗುರುತು. ಎರಡೂ ಕಡೆ ತಾಳೆಯಾದರೆ ನೆಂಟರ ಮನೆಯ ಬಚ್ಚಲಲ್ಲಿ ಬ್ರಷ್ಷು, ಗೋಡೆಯಲ್ಲಿ ಚಾರ್ಜರು ಉಳಿಯುವುದಿಲ್ಲ. ನಾನು ಹೇಳುತ್ತ ಹೋದೆ, ಮೊಮ್ಮಗಳು ಬರೆದಳು.

ಪ್ರವಾಸ ಚೆನ್ನಾಗಾಯಿತು. ಸಕಲೇಶಪುರ ದಾಟಿದ ಮೇಲೆ ಸುಬ್ರಹ್ಮಣ್ಯ ರಸ್ತೆಯವರೆಗೆ ಘಟ್ಟದ ದಾರಿಯಲ್ಲಿ 57 ಸುರಂಗಗಳಿವೆ. ಮೊಮ್ಮಗಳು ಕಿಟಕಿಗೆ ಅಂಟಿಕೊಂಡು ಎಣಿಸಿದಳು. ಅವಳ ಲೆಕ್ಕಕ್ಕೆ 54 ಸಿಕ್ಕಿತು, ನನ್ನ ಲೆಕ್ಕಕ್ಕೆ 55. ಉಳಿದ ಎರಡರಲ್ಲಿ ನಾನು ತೂಕಡಿಸಿರಬೇಕು.

ಶೆಟ್ಟಿಹಳ್ಳಿಗೆ ಮರಳಿದ ಸಂಜೆ ಪಟ್ಟಿ ಹಿಡಿದು ಕೂತೆ. ಎಲ್ಲಕ್ಕೂ ಗುರುತು ಬಿದ್ದಿತ್ತು. ಹಾಳೆಯ ಕೊನೆಯಲ್ಲಿ ನಾನು ಹೇಳದ ಒಂದು ಸಾಲು ಕಂಡಿತು, ಮೊಮ್ಮಗಳ ಗುಂಡು ಅಕ್ಷರದಲ್ಲಿ: "ಅಜ್ಜಿಗೆ ಮಾವಿನ ಜ್ಯೂಸು 2, ನನ್ನ ಬ್ಯಾಗಿನಲ್ಲಿ." ಧಾರವಾಡದ ರೈಲಿನ ಕಥೆಯನ್ನು ಅವಳಿಗೆ ನಾವು ಯಾವಾಗಲೋ ಒಮ್ಮೆ ಹೇಳಿದ್ದೆವು. ನಾಲ್ಕು ಕೆ.ಜಿ.ಯ ಮಿತಿಯಲ್ಲಿ ಎರಡು ಕಥೆ ಪುಸ್ತಕ ಹೊರಗೆ ಹೋದದ್ದು ಯಾಕೆಂದು ಆಗ ತಿಳಿಯಿತು.

ಬಲಗಡೆ ಹಿಂದಿರುಗಿದ ಅಂಕಣದಲ್ಲಿ "1" ಎಂದಿತ್ತು. ಪಕ್ಕದಲ್ಲಿ ಸಣ್ಣಗೆ: "ಇನ್ನೊಂದು ಸುರಂಗದಲ್ಲಿ ನಾನೇ ಕುಡಿದೆ."

ಲೆಕ್ಕ ತಾಳೆಯಾಯಿತು. ಸಹಿ ಹಾಕಿದೆ.